ಹೋಟೆಲಿನ ನೆತ್ತಿಯ ಮೇಲೊಂದು ದೀಪಸ್ತಂಭ

ಮುಳ್ಳುಕಡ್ಡಿಯ ಗೋಡೆಯೆದುರು ಕುಳಿತು ಉಸಿರೆಳೆದುಕೊಳ್ಳುವುದಕ್ಕೆಂದೇ ಜನ ರೈಲು ಹಿಡಿದು ಬರುವ ಊರೊಂದು ಜರ್ಮನಿಯ ಲಿಪ್ಪೆ ಸೀಮೆಯಲ್ಲಿದೆ. ಹೆಸರು ಬಾಡ್ ಜಾಲ್ಟ್ಸುಫ್ಲೆನ್. ಪೇಟೆಯ ನಡುವೆ, ಮರದ ಚೌಕಟ್ಟಿನ ಹಳೆಯ ಮನೆಗಳ ಪಕ್ಕದಲ್ಲೇ, ಎರಡಾಳು ಮೂರಾಳು ಎತ್ತರವನ್ನು ಮೀರಿದ ಕಪ್ಪು ಗೋಡೆ ಉದ್ದಕ್ಕೆ ನಿಂತಿದೆ. ಹತ್ತಿರ ಹೋದರೆ ಅದು ಇಟ್ಟಿಗೆಯದ್ದೂ ಅಲ್ಲ, ಕಲ್ಲಿನದ್ದೂ ಅಲ್ಲ. ಒಣಗಿದ ಮುಳ್ಳುಪೊದೆಯ ಕಟ್ಟುಗಳನ್ನು ಒತ್ತೊತ್ತಾಗಿ ಪೇರಿಸಿ, ಮರದ ಅಟ್ಟಣಿಗೆಯೊಳಗೆ ತುರುಕಿದ್ದಾರೆ. ನೆಲದಾಳದಿಂದ ಎತ್ತಿದ ಉಪ್ಪುನೀರು ಮೇಲಿನ ದೋಣಿಯಿಂದ ಹನಿಹನಿಯಾಗಿ ಆ ಕಡ್ಡಿಗಳ ಮೇಲೆ ಇಳಿಯುತ್ತದೆ. ಗಾಳಿ ಬೀಸಿದಂತೆ ನೀರು ಆರುತ್ತದೆ, ಸುಣ್ಣ ಜಿಪ್ಸಮ್ಮುಗಳೆಲ್ಲ ಕಡ್ಡಿಗೆ ಅಂಟಿ ಕಲ್ಲಾಗುತ್ತವೆ, ಕೆಳಗೆ ಬಂದು ಬೀಳುವ ನೀರು ಮೊದಲಿಗಿಂತ ಗಟ್ಟಿ ಉಪ್ಪಾಗಿರುತ್ತದೆ. ಕಾಯಿಸುವ ಸೌದೆ ಉಳಿಸಲು ಹಿಂದಿನವರು ಹೂಡಿದ ಉಪಾಯ ಇದು. ಕುಮಟಾ ಗೋಕರ್ಣದ ಕಡೆ ಓಡಾಡಿದವರಿಗೆ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು ನೆನಪಾಗದೆ ಇರುವುದಿಲ್ಲ. ಅಲ್ಲಿ ಬಿಸಿಲು ಧಾರಾಳ, ಹಾಗಾಗಿ ನೀರನ್ನು ನೆಲದ ಮೇಲೆ ಹರವಿ ಮಲಗಿಸುತ್ತಾರೆ. ಇಲ್ಲಿ ಬಿಸಿಲಿಗೆ ಬರ, ಹಾಗಾಗಿ ಗದ್ದೆಯನ್ನೇ ಎತ್ತಿ ನಿಲ್ಲಿಸಿದ್ದಾರೆ!

ಉಪ್ಪು ಮಾರುವ ಕಾಲ ಮುಗಿದು ಬಹಳ ದಿನವಾಯಿತು. ಈಗ ಆ ಗೋಡೆಯ ಮಗ್ಗುಲಲ್ಲಿ ಬೆಂಚು ಹಾಕಿದ್ದಾರೆ; ಮುದುಕರು, ಉಬ್ಬಸದವರು, ಸುಮ್ಮನೆ ಬಂದ ನನ್ನಂಥವರು ಕುಳಿತು ಉಪ್ಪಿನ ತುಂತುರು ಬೆರೆತ ಗಾಳಿ ಸೇವಿಸುತ್ತೇವೆ. ಕಡಲಿಲ್ಲದ ಊರಿನಲ್ಲಿ ಕಡಲಗಾಳಿ.

ನಾನು ಹುಡುಕಿಕೊಂಡು ಬಂದ ಕಂಪನಿಯ ಕೇಂದ್ರ ಕಚೇರಿ ಇರುವುದು ಈ ಊರಿನಲ್ಲೇ. ಮಾರಿಟಿಮ್ ಹೋಟೆಲುಗಳು ಜರ್ಮನಿಯಲ್ಲಿ ಸಭೆ, ಸಮ್ಮೇಳನ, ಕಾರ್ಯಾಗಾರ ಅಂತ ಓಡಾಡುವವರಿಗೆಲ್ಲ ಪರಿಚಿತ. 1969ರಲ್ಲಿ ಬಾಲ್ಟಿಕ್ ಕಡಲ ದಂಡೆಯಲ್ಲಿ ಮೊದಲ ಹೋಟೆಲು ಶುರು ಮಾಡಿದವರು ಹಾನ್ಸ್-ಯೋಆಖಿಮ್ ಗೊಮೊಲ್ಲಾ. ಜಗತ್ತಿನ ದೊಡ್ಡ ಹೋಟೆಲು ಸರಪಳಿಗಳು ಷೇರು ಪೇಟೆಯಲ್ಲಿ ಕೈಯಿಂದ ಕೈಗೆ ದಾಟುತ್ತಿರುವಾಗ, ಇದು ಮಾತ್ರ ಗೊಮೊಲ್ಲಾ ಕುಟುಂಬದ ಕೈಯಲ್ಲೇ ಉಳಿದುಬಂದಿತು. ಅವರ ವ್ಯಾಪಾರದ ಗುಟ್ಟು ಸರಳ: ಮಲಗುವ ಕೋಣೆ, ಉಣ್ಣುವ ಕೋಣೆ, ಸಾವಿರ ಜನ ಕೂರುವ ಸಭಾಂಗಣ, ಎಲ್ಲವೂ ಒಂದೇ ಸೂರಿನಡಿ. ಹೊರಗೆ ಹಿಮ ಬೀಳಲಿ, ಮಳೆ ಸುರಿಯಲಿ, ಅತಿಥಿ ಚಪ್ಪಲಿ ಮೆಟ್ಟದೆ ಹಾಸಿಗೆಯಿಂದ ವೇದಿಕೆಗೆ ಹೋಗಬಹುದು.

ಈ ಉಪಾಯ ಜರ್ಮನಿಯಲ್ಲಿ ಯಾಕೆ ಫಲಿಸಿತು ಎಂಬುದಕ್ಕೆ ಆ ದೇಶದ ಜಾಯಮಾನದಲ್ಲೇ ಉತ್ತರವಿದೆ. ಅಲ್ಲಿ ಎಲ್ಲವೂ ಒಂದು ರಾಜಧಾನಿಗೆ ಹೋಗಿ ಸೇರುವುದಿಲ್ಲ. ರಾಜ್ಯಗಳು ಬೇರೆ ಬೇರೆ, ಕೈಗಾರಿಕೆಗಳು ಚದುರಿವೆ, ಹಲ್ಲಿನ ವೈದ್ಯರಿಂದ ಹಿಡಿದು ಜೇನು ಸಾಕುವವರವರೆಗೆ ಪ್ರತಿಯೊಬ್ಬರಿಗೂ ಒಂದು ಸಂಘ, ಸಂಘಕ್ಕೊಂದು ವಾರ್ಷಿಕ ಸಭೆ. ಈ ವರ್ಷ ಒಂದು ಊರಾದರೆ ಮುಂದಿನ ವರ್ಷ ಇನ್ನೊಂದು. ಹೀಗಾಗಿ ನಡುಗಾತ್ರದ ಊರುಗಳಿಗೂ ದೊಡ್ಡ ಸಭಾಂಗಣ ಬೇಕು. ಇಂಥ ಹೋಟೆಲಿನ ಹೊಟ್ಟೆಯೊಳಗೆ ಇಣುಕಿ ನೋಡುವುದೇ ಒಂದು ಮಜಾ. ಛಾವಣಿಯ ಹಳಿಗೆ ತೂಗುಬಿದ್ದ ಗೋಡೆಗಳು ಬೆಳಿಗ್ಗೆ ಒಂದು ಹಾಲನ್ನು ನಾಲ್ಕಾಗಿ ಸೀಳಿರುತ್ತವೆ. ಸಂಜೆ ಅವನ್ನು ತಳ್ಳಿ ಮೂಲೆಗೆ ಮಡಚಿದರೆ ಅದೇ ಜಾಗ ನೃತ್ಯಕೂಟದ ಅಂಗಳ. ಮೂತ್ರಪಿಂಡದ ಚಿತ್ರ ತೋರಿಸಿದ ಪರದೆಯ ಕೆಳಗೆ ರಾತ್ರಿ ವಾಲ್ಟ್ಸ್ ನಡೆಯುತ್ತದೆ.

ಇಷ್ಟೇ ಆಗಿದ್ದರೆ ಇದು ವ್ಯಾಪಾರದ ಸುದ್ದಿ, ಪ್ರವಾಸದ ಕಥೆಯಲ್ಲ. ಹೋಟೆಲು ಕೋಣೆಗಳಲ್ಲಿ ನನಗೆ ಅಂಥ ಆಸಕ್ತಿಯೂ ಇಲ್ಲ. ಬಿಳಿ ಹಾಸಿಗೆ ಎಲ್ಲಿಯೂ ಬಿಳಿ ಹಾಸಿಗೆಯೇ. ನನ್ನನ್ನು ಎಳೆದದ್ದು ಬೇರೆ. ಒಂದು ಕುಟುಂಬದ ಸ್ವಂತ ಸೂರು, ಕೆಲವು ಊರುಗಳಲ್ಲಿ, ಊರಿನದ್ದೋ ದೇಶದ್ದೋ ಜಗತ್ತಿನದ್ದೋ ಭಾರವನ್ನು ಹೊತ್ತುಕೊಂಡು ನಿಂತಿದೆ. ಆ ಭಾರವನ್ನು ಕಣ್ಣಾರೆ ಕಾಣಬೇಕಿತ್ತು.

ಮೊದಲು ಬಾನ್. ರೈನ್ ನದಿಯ ದಂಡೆಯ ಈ ನಗರ 1999ರ ಬೇಸಿಗೆಯಲ್ಲಿ ಸಂಸತ್ತನ್ನು ಬರ್ಲಿನ್ನಿಗೆ ಬಿಟ್ಟುಕೊಟ್ಟಿತು. ಮಂತ್ರಿಗಳು ಪೆಟ್ಟಿಗೆ ಕಟ್ಟಿ ಹೊರಟ ಕೆಲವೇ ತಿಂಗಳಲ್ಲಿ, ಅಕ್ಟೋಬರ್ ಕೊನೆಗೆ, ವಿಶ್ವಸಂಸ್ಥೆಯ ಐದನೆಯ ಹವಾಮಾನ ಸಮ್ಮೇಳನಕ್ಕೆ ಪ್ರತಿನಿಧಿಗಳು ಬಂದಿಳಿದರು. ಸಭೆ ಸೇರಿದ್ದು ಯಾವ ಅರಮನೆಯಲ್ಲೂ ಅಲ್ಲ, ಇಲ್ಲಿನ ಮಾರಿಟಿಮ್ ಹೋಟೆಲಿನಲ್ಲಿ. ಮುಂದೆ 2000ದ ನವೆಂಬರಿನಲ್ಲಿ ಹೇಗ್ ನಗರದ ಮಾತುಕತೆ ಮುರಿದುಬಿತ್ತು. ಮರುವರ್ಷ ಅಮೆರಿಕ ಹಸಿರುಮನೆ ಅನಿಲಗಳಿಗೆ ಮಿತಿ ಹಾಕುವ ಕ್ಯೋಟೋ ಒಪ್ಪಂದಕ್ಕೆ ಬೆನ್ನು ತಿರುಗಿಸಿತು. ಅದು ಸತ್ತೇಹೋಯಿತು ಅಂದುಕೊಂಡವರೇ ಹೆಚ್ಚು. 2001ರ ಜುಲೈನಲ್ಲಿ ಡಚ್ ಮಂತ್ರಿ ಯಾನ್ ಪ್ರಾಂಕ್ ಅಧ್ಯಕ್ಷತೆಯಲ್ಲಿ ಮತ್ತೆ ಇದೇ ಹೋಟೆಲಿನಲ್ಲಿ ಕೂತರು. ರಾತ್ರಿಯಿಡೀ ಹಗ್ಗಜಗ್ಗಾಟ ನಡೆದು 23ರಂದು ರಾಜಿಯಾಯಿತು. ಕ್ಯೋಟೋ ಬದುಕಿಕೊಂಡಿತು, 2005ರ ಫೆಬ್ರವರಿಯಲ್ಲಿ ಜಾರಿಗೂ ಬಂತು. ಅದರಿಂದ ಭೂಮಿ ಎಷ್ಟು ತಣ್ಣಗಾಯಿತು ಎಂಬ ತಕರಾರು ಬೇರೆ.

ಆ ಕಟ್ಟಡದ ಮುಂದೆ ನಿಂತರೆ ವಿಶೇಷ ಏನೂ ಕಾಣಿಸುವುದಿಲ್ಲ. ಟ್ಯಾಕ್ಸಿ, ಗಾಲಿಪೆಟ್ಟಿಗೆ, ಕೊರಳಪಟ್ಟಿಯ ಗುರುತುಚೀಟಿ. ಒಳಗೆ ಕಾರ್ಪೆಟ್ಟು, ಹೂದಾನಿ, ಕಾಫಿ ಯಂತ್ರದ ಸದ್ದು. ದ್ವೀಪರಾಷ್ಟ್ರಗಳ ಪ್ರತಿನಿಧಿಗಳು ತಮ್ಮ ನೆಲ ಮುಳುಗುವ ಬಗ್ಗೆ ಮಾತಾಡಿ ಸುಸ್ತಾಗಿ ಬಂದು ಇಂಥದೇ ಕುರ್ಚಿಯಲ್ಲಿ ಕೂತಿದ್ದರಲ್ಲ ಎಂದು ಯೋಚಿಸುತ್ತ ನಾನೂ ಒಂದು ಕಾಫಿ ಕುಡಿದೆ. ಚರಿತ್ರೆ ನಡೆದ ಜಾಗಕ್ಕೆ ಕಂಬ, ಗೋಪುರ, ಗಂಟೆ ಇರಬೇಕು ಅಂತ ನಾವು ಬಯಸುತ್ತೇವೆ. ಇಲ್ಲಿ ಮಡಚುವ ಗೋಡೆ ಇತ್ತು, ಸಾಕಾಯಿತು.

ಡ್ರೆಸ್ಡೆನ್ನಿನದು ಇದಕ್ಕಿಂತ ವಿಚಿತ್ರ. ಎಲ್ಬೆ ನದಿಯ ದಂಡೆಯಲ್ಲಿ, ಒಪೆರಾ ಮನೆಯ ಚೆಲುವಿನಿಂದ ತುಸು ದೂರದಲ್ಲಿ, ಬೆಟ್ಟದಂಥ ಉಗ್ರಾಣವೊಂದಿದೆ. ನಗರದ ವಾಸ್ತುಶಿಲ್ಪಿ ಹಾನ್ಸ್ ಎರ್ಲ್‌ವೈನ್ 1913-14ರಲ್ಲಿ ಕಬ್ಬಿಣ ಕಾಂಕ್ರೀಟಿನಲ್ಲಿ ಎಬ್ಬಿಸಿದ್ದು. ಆ ಕಾಲಕ್ಕೆ ಹೊಸ ವಿದ್ಯೆ. ಕಟ್ಟಡ ಮುಗಿದ ವರ್ಷವೇ ಮೊದಲ ಮಹಾಯುದ್ಧ ಶುರುವಾಗಿ, ಎರ್ಲ್‌ವೈನ್ ಫ್ರಾನ್ಸಿನಲ್ಲಿ ವಾಹನ ಅಪಘಾತದಲ್ಲಿ ತೀರಿಕೊಂಡ. 1945ರ ಫೆಬ್ರವರಿ 13ರ ರಾತ್ರಿ ಬಾಂಬಿನ ಮಳೆಗೆ ಊರು ಉರಿದುಹೋದಾಗ ಈ ಉಗ್ರಾಣ ನಿಂತೇ ಇತ್ತು. ಅದೇ ಎರ್ಲ್‌ವೈನ್ ಕಟ್ಟಿಸಿದ ಕಸಾಯಿಖಾನೆಯ ನೆಲಮಾಳಿಗೆಯಲ್ಲಿ ಅಮೆರಿಕದ ಯುದ್ಧಕೈದಿ ಕರ್ಟ್ ವಾನೆಗಟ್ ಬದುಕುಳಿದು, ಮುಂದೆ 1969ರಲ್ಲಿ ಅದನ್ನೇ ಕಾದಂಬರಿಯಾಗಿಸಿದ.

ಸರಕಿಲ್ಲದ ಉಗ್ರಾಣವನ್ನು ಏನು ಮಾಡುವುದು? ಕೆಡವಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಕಾರಣವಿಲ್ಲ. ಕೊನೆಗೆ ಅದರ ನಡುಮೈ ಕೊರೆದು ಬೆಳಕಿನ ಅಂಗಳ ತೆರೆದು, 2006ರಲ್ಲಿ ಮಾರಿಟಿಮ್ ಹೋಟೆಲು ಮಾಡಿದರು. ಪಕ್ಕದಲ್ಲೇ ನಗರದ ಹೊಸ ಸಮ್ಮೇಳನ ಭವನ. ಒಳಗೆ ನಿಂತು ಕತ್ತೆತ್ತಿದರೆ ಮಹಡಿಯ ಮೇಲೆ ಮಹಡಿ, ಮೂಟೆಗಳ ಭಾರಕ್ಕೆಂದು ಅಳೆದಿಟ್ಟ ದಪ್ಪ ಕಂಬಗಳು, ಅವುಗಳ ನಡುವೆ ಈಗ ತಲೆದಿಂಬಿನ ಹಗುರ ಮಾತ್ರ. ಕಿಟಕಿಯಾಚೆ ಮಸೀದಿಯೊಂದರ ಗುಮ್ಮಟ ಕಂಡು ಬೆರಗಾದೆ. ಅದು ಮಸೀದಿಯೇ ಅಲ್ಲವಂತೆ! ಯೆನಿಟ್ಸೆ ಎಂಬ ಸಿಗರೇಟು ಕಾರ್ಖಾನೆ, 1909ರದ್ದು. ಹೊಗೆ ಕೊಳವೆಗೆ ಮಿನಾರಿನ ವೇಷ. ಡ್ರೆಸ್ಡೆನ್ನಿನ ಈ ಮೂಲೆಯಲ್ಲಿ ಯಾವ ಕಟ್ಟಡವೂ ತಾನಾಗಿ ಇದ್ದಂತೆ ಕಾಣಲಿಲ್ಲ.

ಇವೆಲ್ಲ ಪೀಠಿಕೆ. ಕಣ್ಣು ಕಾದಿದ್ದುದು ಬಾಲ್ಟಿಕ್ ಕಡಲಿಗೆ.

ಲ್ಯೂಬೆಕ್ ದಾಟಿ ಉತ್ತರಕ್ಕೆ ಹೋದರೆ ಟಿಮ್ಮೆನ್‌ಡೋರ್ಫರ್ ಸ್ಟ್ರಾಂಡ್. 1969ರ ಮೊದಲ ಮಾರಿಟಿಮ್ ಇಲ್ಲಿಯದೇ. ದಂಡೆಯುದ್ದಕ್ಕೂ ಬೆತ್ತದ ಮುಚ್ಚಳದ ಜೋಡಿ ಕುರ್ಚಿಗಳು, ಸಾಲುಸಾಲು, ಎಲ್ಲವೂ ಸೂರ್ಯನತ್ತ ಮುಖ ಮಾಡಿ. 1882ರಲ್ಲಿ ರೋಸ್ಟೋಕ್ ಪಟ್ಟಣದ ಬುಟ್ಟಿ ಹೆಣೆಯುವವ ವಿಲ್ಹೆಲ್ಮ್ ಬಾರ್ಟೆಲ್‌ಮಾನ್, ಕೀಲುನೋವಿನ ಹೆಂಗಸೊಬ್ಬಳು ಕಡಲಗಾಳಿಗೆ ಹೆದರದೆ ದಂಡೆಯಲ್ಲಿ ಕೂರಲಿ ಎಂದು ಹೆಣೆದ ಕುರ್ಚಿಯ ಸಂತತಿ ಇದು. ಬಾಡಿಗೆಗೆ ಒಂದು ಹಿಡಿದು ಕೂತೆ. ಗಾಳಿ ಥಟ್ಟನೆ ನಿಂತುಹೋಯಿತು. ಅಂದರೆ ಬೀಸುತ್ತಲೇ ಇತ್ತು, ನನಗೆ ತಾಗಲಿಲ್ಲ.

ಪಕ್ಕದ ನೀನ್‌ಡೋರ್ಫ್ ಕೂಡ ಇದೇ ಊರಾಡಳಿತಕ್ಕೆ ಸೇರಿದ ಮೀನುಗಾರರ ಬಂದರು. ಸಮ್ಮೇಳನಗಳ ಮಾತು ಬಂತಲ್ಲ, ಈ ದಂಡೆಯಲ್ಲಿ ನಡೆದ ನನಗೆ ಪ್ರಿಯವಾದ ಸಮ್ಮೇಳನದ ಹೊತ್ತಿಗೆ ಮಾರಿಟಿಮ್ ಹುಟ್ಟಿಯೇ ಇರಲಿಲ್ಲ. 1952ರ ಮೇ ತಿಂಗಳಲ್ಲಿ ನೀನ್‌ಡೋರ್ಫಿನಲ್ಲಿ ಲೇಖಕರ ಗುಂಪು 47 ಕೂಡಿತು. ಕವಯಿತ್ರಿ ಇಂಗೆಬೋರ್ಗ್ ಬಾಖ್‌ಮಾನ್ ಓದಿದಳು. ತಂದೆ ತಾಯಿಯನ್ನು ನಾಜಿ ಕಾಲದ ಶಿಬಿರದಲ್ಲಿ ಕಳೆದುಕೊಂಡಿದ್ದ ಪೌಲ್ ಸೆಲಾನ್ ತನ್ನ ಕವಿತೆಯನ್ನು ಓದಿದ, ಅವನ ಓದುವ ಧಾಟಿಗೆ ಕೆಲವರು ನಕ್ಕರು. ಆ ವರ್ಷದ ಬಹುಮಾನ ಲೇಖಕಿ ಇಲ್ಸೆ ಐಖಿಂಗರ್‌ಗೆ ಹೋಯಿತು. ಜರ್ಮನ್ ಭಾಷೆಯ ಕಳೆದ ಶತಮಾನದ ಅತಿ ದೊಡ್ಡ ಕವಿಗಳಲ್ಲೊಬ್ಬನನ್ನು ನಕ್ಕು ಕಳಿಸಿದ ಸಭೆ! ನೂರಾರು ಸಭಾಂಗಣ ಕಟ್ಟಬಹುದು, ಕೇಳುವ ಕಿವಿಯನ್ನು ಯಾರು ಕಟ್ಟಿಕೊಡುತ್ತಾರೆ?

ಈ ದಂಡೆಯೆದುರಿನ ಕೊಲ್ಲಿಯ ನೀರಿನಲ್ಲಿ 1945ರ ಮೇ 3ರಂದು ಕಾಪ್ ಅರ್ಕೋನಾ ಹಡಗು ಉರಿದು ಮಗುಚಿತು. ಹಡಗಿನಲ್ಲಿ ತುಂಬಿದ್ದವರು ಯಾತನಾ ಶಿಬಿರದ ಕೈದಿಗಳು. ಬಾಂಬು ಹಾಕಿದ್ದು ಅದನ್ನು ತಿಳಿಯದ ಬ್ರಿಟಿಷ್ ವಿಮಾನಗಳು. ಜೊತೆಯ ಹಡಗಿನವರನ್ನೂ ಸೇರಿಸಿದರೆ ಸತ್ತವರು ಸುಮಾರು 7000. ಯುದ್ಧ ಮುಗಿಯಲು ಐದೇ ದಿನ ಬಾಕಿ ಇತ್ತು. ದೇಹಗಳು ಈ ದಂಡೆಗಳಿಗೇ ಬಂದು ಬಿದ್ದವು. ಇಪ್ಪತ್ತನಾಲ್ಕು ವರ್ಷ ಕಳೆದು ಅಲ್ಲೇ ರಜೆಯ ಹೋಟೆಲು ಎದ್ದದ್ದನ್ನು ತಪ್ಪು ಅನ್ನಲಾರೆ. ಆದರೆ ಆ ಬೆತ್ತದ ಕುರ್ಚಿಯಲ್ಲಿ ಕೂತವರು ಇದನ್ನು ಒಮ್ಮೆಯಾದರೂ ಓದಿರಬೇಕು.

ಲ್ಯೂಬೆಕ್ಕಿನಿಂದ ಟ್ರಾವೆಮ್ಯುಂಡೆಗೆ ಹೋಗುವ ರೈಲು ಸ್ವೀಡನ್, ಫಿನ್‌ಲ್ಯಾಂಡಿನ ಹಡಗುಗಳು ನಿಲ್ಲುವ ಧಕ್ಕೆಯ ಪಕ್ಕ ಹಾದು, ಗಡಿಯಾರ ಗೋಪುರದ ಪುಟ್ಟ ನಿಲ್ದಾಣದಲ್ಲಿ ಕೊನೆಯಾಗುತ್ತದೆ. ಮುಂದೆ ಹಳಿ ಇಲ್ಲ, ಕಡಲು. ಥಾಮಸ್ ಮಾನ್ 1901ರಲ್ಲಿ ಪ್ರಕಟಿಸಿದ ಬುಡೆನ್‌ಬ್ರೂಕ್ಸ್ ಕಾದಂಬರಿಯಲ್ಲಿ ತೋನಿ ಎಂಬ ಹುಡುಗಿ ಬೇಸಿಗೆ ಕಳೆಯಲು ಬಂದು ಹಡಗು ನಡೆಸುವವರ ಮುಖ್ಯಸ್ಥನ ಮಗನನ್ನು ಮೆಚ್ಚುವುದು ಈ ಊರಿನಲ್ಲೇ. ಮಾನ್ ಹುಟ್ಟಿದ್ದು ಲ್ಯೂಬೆಕ್ಕಿನಲ್ಲಿ, ಬಾಲ್ಯದ ರಜೆಗಳೆಲ್ಲ ಇಲ್ಲಿ. ಅವನು ಈಗ ಬಂದರೆ ದಾರಿ ತಪ್ಪುವುದಿಲ್ಲ: ತಗ್ಗು ಮನೆಗಳು, ನದಿಮುಖ, ಮರಳು, ಎಲ್ಲ ಅಲ್ಲಲ್ಲೇ ಇವೆ. ಒಂದೇ ಒಂದು ಕಡೆ ನೋಡಿ ಅವನು ಟೋಪಿ ಹಿಡಿದುಕೊಂಡಾನು.

ನದಿ ಕಡಲಿಗೆ ಸೇರುವಲ್ಲೇ 119 ಮೀಟರು ಎತ್ತರದ ಬಿಳಿಯ ಗೋಪುರ. ಸುತ್ತಲೂ ಅದರ ಮೊಣಕಾಲಿಗೂ ಬರುವ ಕಟ್ಟಡವಿಲ್ಲ. 1974ರಲ್ಲಿ ತೆರೆದ ಮಾರಿಟಿಮ್ ಹೋಟೆಲು. ಮೇಲಿನ ಮಹಡಿಗಳಲ್ಲಿ ಜನರ ಸ್ವಂತ ಫ್ಲ್ಯಾಟುಗಳೂ ಇವೆ. ಚೆಲುವಾಗಿದೆ ಅನ್ನಲು ನನ್ನಿಂದ ಆಗದು. ಎಪ್ಪತ್ತರ ದಶಕಕ್ಕೆ ಎತ್ತರದ ಹುಚ್ಚು ಹಿಡಿದಿತ್ತು, ಅದರ ಗುರುತು ಇದು. ಆದರೆ ಅದರ ನೆತ್ತಿಯ ಮೇಲಿರುವುದನ್ನು ತಿಳಿದಮೇಲೆ ಮನಸ್ಸು ಸಿಟ್ಟಿನಿಂದ ಬೆರಗಿಗೆ ಹೊರಳಿತು.

ಇದೇ ಹೋಟೆಲಿನ ಹಿಂದೆ, ಮರಗಳ ನಡುವೆ, ಕೆಂಪು ಇಟ್ಟಿಗೆಯ ಹಳೆಯ ದೀಪಸ್ತಂಭವಿದೆ. 1539ರದ್ದು. ಅದಕ್ಕೂ ಮೊದಲಿದ್ದುದನ್ನು ಯುದ್ಧದಲ್ಲಿ ಕೆಡವಿದ ಮೇಲೆ ಡಚ್ ಮೇಸ್ತ್ರಿಗಳು ಕಟ್ಟಿದ್ದು. ಎತ್ತರ 31 ಮೀಟರು. ಉಳಿದುಬಂದ ಜರ್ಮನ್ ದೀಪಸ್ತಂಭಗಳಲ್ಲಿ ಅತ್ಯಂತ ಹಳೆಯದು. ಹಾನ್ಸಾ ಒಕ್ಕೂಟದ ವರ್ತಕರ ಹೆರಿಂಗ್ ಮೀನು, ಉಪ್ಪು, ಮೇಣ ಹೊತ್ತ ಹಡಗುಗಳಿಗೆ ಟ್ರಾವೆ ನದಿಯ ಬಾಯಿ ತೋರಿಸುತ್ತ ನಾಲ್ಕು ಶತಮಾನಕ್ಕೂ ಮಿಕ್ಕಿ ಬೆಳಗಿತು. ಅಷ್ಟರಲ್ಲಿ ಅದಕ್ಕೂ ಕಡಲಿಗೂ ನಡುವೆ ಹೋಟೆಲು ಏಳತೊಡಗಿತು. ಬೆಳಕಿಗೆ ದಾರಿಯೇ ಇಲ್ಲ! 1972ರಲ್ಲಿ ಹಳೆಯ ದೀಪ ಆರಿಸಿದರು.

ಸರಿ, ಅಡ್ಡ ಬಂದವರೇ ಕೆಲಸ ಹೊರಲಿ ಎಂದಾಯಿತು. ಹೋಟೆಲಿನ ಮಾಡಿನ ಮೇಲೆ, ಕಡಲಿನಿಂದ ಸುಮಾರು 115 ಮೀಟರು ಎತ್ತರದಲ್ಲಿ ಹೊಸ ದೀಪ ಕೂರಿಸಿದರು. ಯುರೋಪಿನಲ್ಲೇ ಅತಿ ಎತ್ತರದ ಕಡಲ ದೀಪಗಳಲ್ಲೊಂದು ಅಂತ ಅದರ ಖ್ಯಾತಿ. ದೀಪ ಸರ್ಕಾರದ ಜಲಸಾರಿಗೆ ಇಲಾಖೆಯದು, ಸೂರು ಖಾಸಗಿಯವರದು. ಕೆಳಗೆ ಯಾರೋ ಮಾರಾಟ ಪ್ರತಿನಿಧಿಗಳಿಗೆ ಬಹುಮಾನ ಹಂಚುತ್ತಿರುತ್ತಾರೆ, ಮೇಲೆ ಹೆಲ್ಸಿಂಕಿಯಿಂದ ಬರುವ ಹಡಗಿಗೆ ದಾರಿ ತೋರುವ ದೀಪ ಮಿನುಗುತ್ತಿರುತ್ತದೆ.

ಲಿಫ್ಟಿನಲ್ಲಿ ಮೇಲೇರಿ ಕೆಫೆಯ ಕಿಟಕಿಗೆ ಮೂಗು ಒತ್ತಿ ನಿಂತೆ. ಲೆಕ್ಕ ಬಲ್ಲವರಿಗೆ ಇದೊಂದು ಸುಖ: ದಂಡೆಯಲ್ಲಿ ನಿಂತವನ ಕಣ್ಣಿಗೆ ಕಡಲಿನಂಚು ಸುಮಾರು ಐದು ಕಿಲೋಮೀಟರು ದೂರ, ಹಳೆಯ ಸ್ತಂಭದ ತುದಿಯಿಂದ 20, ಇಲ್ಲಿಂದ 38. ಭೂಮಿ ದುಂಡಗಿದೆ ಎಂಬುದನ್ನು ಪುಸ್ತಕದಲ್ಲಿ ಓದುವುದಕ್ಕೂ, ಹಡಗಿನ ಮೈ ಮುಳುಗಿ ಕೊಳವೆ ಮಾತ್ರ ತೇಲುವುದನ್ನು ಕಾಫಿ ಬಟ್ಟಲು ಹಿಡಿದು ನೋಡುವುದಕ್ಕೂ ವ್ಯತ್ಯಾಸವಿದೆ. ಹಾಗೆಂದು ಎತ್ತರ ಯಾವಾಗಲೂ ಒಳ್ಳೆಯದಲ್ಲ. ಆಫ್ರಿಕದ ಕೇಪ್ ಪಾಯಿಂಟಿನಲ್ಲಿ 1860ರಲ್ಲಿ ಸುಮಾರು 240 ಮೀಟರು ಎತ್ತರದ ಬಂಡೆಯ ಮೇಲೆ ದೀಪವಿಟ್ಟರು. ಮೋಡ ಕವಿದಾಗ ಅದು ಕಾಣುತ್ತಲೇ ಇರಲಿಲ್ಲ. 1911ರಲ್ಲಿ ಲುಸಿಟಾನಿಯಾ ಎಂಬ ಪೋರ್ಚುಗೀಸ್ ಹಡಗು ಬಂಡೆಗೆ ಬಡಿದ ಮೇಲೆ ಬುದ್ಧಿ ಬಂದು, 87 ಮೀಟರಿಗೆ ಇಳಿಸಿ ಹೊಸದು ಕಟ್ಟಿದರು. ಟ್ರಾವೆಮ್ಯುಂಡೆಯಲ್ಲೂ ಮಂಜು ಕವಿದರೆ ಈ ಗೋಪುರದ ತಲೆ ಮಾಯವಾಗುತ್ತದೆ. ಆದರೆ ಇದು ಉಪಗ್ರಹಗಳ ಕಾಲ, ಯಾವ ನಾವಿಕನೂ ಒಂದೇ ದೀಪವನ್ನು ನಂಬಿ ಕೂರುವುದಿಲ್ಲ.

ಹಳೆಯ ಸ್ತಂಭವನ್ನು ಕೆಡವದೆ ಉಳಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅದರ ಮೆಟ್ಟಿಲು ಹತ್ತಿ, ಎಣ್ಣೆಬತ್ತಿಯ ಕಾಲದಿಂದ ವಿದ್ಯುದ್ದೀಪದವರೆಗಿನ ದೀಪಗಳನ್ನೆಲ್ಲ ನೋಡಿ, ಕೊನೆಯ ಮೊಗಸಾಲೆಗೆ ಬಂದು ಕಡಲು ನೋಡೋಣವೆಂದರೆ ಎದುರಿಗೆ ಹೋಟೆಲಿನ ಬಾಲ್ಕನಿಗಳು. ಒಬ್ಬರು ಟವೆಲು ಒಣಹಾಕುತ್ತಿದ್ದರು. ನಕ್ಕುಬಿಟ್ಟೆ. ಅಪ್ಪಣೆ ಕೊಡುವ ಕುರ್ಚಿಯಲ್ಲಿ ನಾನಿದ್ದಿದ್ದರೆ ಈ ಗೋಪುರಕ್ಕೆ ಅಪ್ಪಣೆ ಕೊಡುತ್ತಿರಲಿಲ್ಲ. ಕೊಟ್ಟವರು ದೀಪವನ್ನಾದರೂ ಅದರ ತಲೆಗೆ ಕಟ್ಟಿದರಲ್ಲ, ಅವರಿಗೊಂದು ನಮಸ್ಕಾರ.

ಕೆಳಗಿಳಿದು ದೋಣಿಯಲ್ಲಿ ನದಿ ದಾಟಿದರೆ ಪ್ರಿವಾಲ್. ಅಲ್ಲಿ ನಾಲ್ಕು ಕಂಬದ ಪಾಸ್ಸಾಟ್ ಹಾಯಿಹಡಗು ಲಂಗರು ಹಾಕಿ ನಿಂತಿದೆ. 1911ರಲ್ಲಿ ಹ್ಯಾಂಬರ್ಗಿನಲ್ಲಿ ಕಟ್ಟಿದ್ದು, ಕಂಬಗಳ ಎತ್ತರ 56 ಮೀಟರು. ಚಿಲಿ ದೇಶದ ನೈಟ್ರೇಟು ಹೊತ್ತು ಕೇಪ್ ಹಾರ್ನನ್ನು 39 ಸಲ ಸುತ್ತಿದ ಗಟ್ಟಿಗಿತ್ತಿ. 1957ರಲ್ಲಿ ಜೊತೆಗಾರ ಹಡಗು ಪಾಮಿರ್ ಬಿರುಗಾಳಿಗೆ ಸಿಕ್ಕಿ 86 ಮಂದಿಯಲ್ಲಿ 80 ಮಂದಿಯನ್ನು ಮುಳುಗಿಸಿಕೊಂಡಿತು. ಕೆಲ ವಾರಗಳ ಬಳಿಕ ಪಾಸ್ಸಾಟ್ ಹೊಟ್ಟೆಯಲ್ಲಿದ್ದ ಬಾರ್ಲಿ ಜಾರಿ ಅದೂ ವಾಲಿತು, ಹೇಗೋ ಬಂದರು ಸೇರಿತು. ಲ್ಯೂಬೆಕ್ ನಗರ 1959ರಲ್ಲಿ ಕೊಂಡು ಇಲ್ಲಿ ತಂದು ಕಟ್ಟಿತು.

ಪ್ರಿವಾಲಿನ ಇನ್ನೊಂದು ತುದಿಗೆ ನಡೆದುಹೋದರೆ ಜರ್ಮನಿ ಎರಡಾಗಿದ್ದ ಗಡಿ. ಭೂಮಾರ್ಗ ಪೂರ್ವ ಜರ್ಮನಿಯದು, ಬೇಲಿ ಹಾಕಿ ಮುಚ್ಚಿತ್ತು. ಹಾಗಾಗಿ ಪ್ರಿವಾಲಿನವರಿಗೆ ದಶಕಗಳ ಕಾಲ ದೋಣಿಯೊಂದೇ ಗತಿ. ಮಾರಿಟಿಮ್ ಹುಟ್ಟಿದ 1969ರ ಆಗಸ್ಟಿನಲ್ಲೇ ಪೂರ್ವ ಜರ್ಮನಿಯ ಈಜುಗಾರ ಆಕ್ಸೆಲ್ ಮಿಟ್‌ಬಾವರ್ ಬೋಲ್ಟನ್‌ಹಾಗನ್ ದಂಡೆಯಿಂದ ರಾತ್ರಿ ನೀರಿಗಿಳಿದು, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಈಜಿ, ಈ ಕೊಲ್ಲಿಯ ಬೋಯಾ ಒಂದನ್ನು ತಬ್ಬಿ ಹಿಡಿದ. ಬೆಳಿಗ್ಗೆ ದೋಣಿಯವರು ಎತ್ತಿಕೊಂಡರು. ಐದು ವರ್ಷ ಕಳೆದು ಗೋಪುರದ ದೀಪ ಹೊತ್ತಿತು. ಬೇಲಿಯಾಚೆಯ ಮೆಕ್ಲೆನ್‌ಬುರ್ಗ್ ದಂಡೆಯವರಿಗೆ ಅಲ್ಲಿಂದ ಮುಂದೆ ಪ್ರತಿ ರಾತ್ರಿ ಅದು ಕಾಣುತ್ತಿತ್ತು. ಬೆಳಕಿಗೆ ಪಾಸ್‌ಪೋರ್ಟು ಕೇಳುವವರಿರಲಿಲ್ಲ. ಆ ಕೆಳಗಿನ ಹಾಸಿಗೆ, ಆ ಕೆಫೆ, ಆ ನೃತ್ಯಕೂಟ ಮಾತ್ರ ಅವರಿಗೆ ಚಂದ್ರಲೋಕದಷ್ಟು ದೂರ.

1990ರ ಫೆಬ್ರವರಿ 3ರಂದು ಪ್ರಿವಾಲಿನ ಗಡಿ ತೆರೆಯಿತು. ಅಂದು ಆ ಕಡೆಯಿಂದ ನಡೆದು ಬಂದವರಲ್ಲಿ ಎಷ್ಟು ಜನ ಪಾಸ್ಸಾಟ್ ಹಡಗನ್ನೂ ಅಂಗಡಿಗಳನ್ನೂ ಬದಿಗಿಟ್ಟು, ನೇರ ದೋಣಿ ಹತ್ತಿ, ಆ ಲಿಫ್ಟಿನ ಗುಂಡಿ ಒತ್ತಿ, ತಮ್ಮ ಮನೆಯ ಮಾಡು ಮೇಲಿನಿಂದ ಹೇಗೆ ಕಾಣುತ್ತದೆ ಎಂದು ಹುಡುಕಿರಬಹುದು? ನಾನಾಗಿದ್ದರೆ ಮೊದಲು ಅದನ್ನೇ ಮಾಡುತ್ತಿದ್ದೆ.